ರಿಟರ್ನ್ ಲೋಡ್

ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಎದುರು ಒಮ್ಮೆ ಕೂತು ನೋಡಿ. ಮೇಲಿನ ಬಳೆಯನ್ನು ಸಿಲಿಂಡರಿನ ಹೆಗಲಿಗೆ ಬೆಸೆದಿರುವ ಉಕ್ಕಿನ ಪಟ್ಟಿಗಳಿವೆಯಲ್ಲ, ಅವುಗಳ ಮೇಲೆ ಎರಡು ಬರಹಗಳಿರುತ್ತವೆ. ಒಂದು, ಖಾಲಿ ಸಿಲಿಂಡರಿನ ತೂಕ: 15.3 ಎಂದೋ 16.1 ಎಂದೋ. ಇನ್ನೊಂದು, ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿ: ಬಿ-27 ಎಂಬಂತೆ. 'ಎ' ಅಂದರೆ ಜನವರಿಯಿಂದ ಮಾರ್ಚ್, 'ಬಿ' ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ 'ಡಿ'ವರೆಗೆ ವರ್ಷದ ನಾಲ್ಕು ಭಾಗಗಳು. ಬಿ-27 ಎಂದಿದ್ದರೆ 2027ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಒತ್ತಡದ ಪರೀಕ್ಷೆಗೆ ಒಡ್ಡಲೇಬೇಕು. ಸಿಲಿಂಡರಿನ ಒಳಗಿರುವ ಅನಿಲ 14.2 ಕೆ.ಜಿ. ಅಂದರೆ ಹೊರಗಿನ ಉಕ್ಕು ಒಳಗಿನ ಸರಕಿಗಿಂತ ಭಾರ. ಅಷ್ಟು ಉಕ್ಕು ಪ್ರತಿ ಸಲ ಮನೆಗೆ ಬರುತ್ತದೆ, ಮತ್ತು ಅಷ್ಟೂ ಉಕ್ಕು ವಾಪಸ್ ಹೋಗುತ್ತದೆ.

ದೇಶದಲ್ಲಿ 30 ಕೋಟಿಗೂ ಹೆಚ್ಚು ಮನೆಗಳಿಗೆ ಗ್ಯಾಸ್ ಸಂಪರ್ಕವಿದೆ. ಮಡಿಕೇರಿಯ ಏರುದಾರಿಯ ಮನೆಗೂ ರಾಯಚೂರಿನ ಓಣಿಯ ಮನೆಗೂ ತುಂಬಿದ ಸಿಲಿಂಡರ್ ಹೊತ್ತು ತರುವ ವಾಹನವೇ ಖಾಲಿಯನ್ನೂ ಹೊತ್ತೊಯ್ಯುತ್ತದೆ. ಖಾಲಿ ಕೊಡದಿದ್ದರೆ ತುಂಬಿದ್ದು ಸಿಗುವುದಿಲ್ಲ. ಏಜೆನ್ಸಿಯ ಗೋದಾಮಿನಿಂದ ಬಾಟ್ಲಿಂಗ್ ಘಟಕಕ್ಕೆ ಹೋಗುವ ಲಾರಿಯಲ್ಲೂ ಇದೇ ನಿಯಮ. ಘಟಕದಲ್ಲಿ ಪ್ರತಿಯೊಂದು ಸಿಲಿಂಡರಿನ ಮೈ ನೋಡುತ್ತಾರೆ; ಪರೀಕ್ಷೆಯ ಗಡುವು ಬಂದದ್ದನ್ನು ಬದಿಗಿಡುತ್ತಾರೆ; ಉಳಿದವಕ್ಕೆ ಪಟ್ಟಿಯ ಮೇಲಿನ ತೂಕ ನೋಡಿಕೊಂಡು ಅನಿಲ ತುಂಬಿ, ವಾಲ್ವ್ ಸೋರುತ್ತದೆಯೇ ಎಂದು ಪರೀಕ್ಷಿಸಿ, ಸೀಲು ಹಾಕಿ ಹೊರಡಿಸುತ್ತಾರೆ. ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಸೂಕ್ಷ್ಮವಾದ ಸರಕನ್ನು, ಇಷ್ಟು ವರ್ಷಗಳಿಂದ ಹೋಗಿ ಬರುವಂತೆ ಮಾಡಿರುವುದು ಭಾರತದ ಸಾಗಣೆ ವ್ಯವಸ್ಥೆಯ ದೊಡ್ಡ ಸಾಧನೆ. ನಾವು ಅದನ್ನು ಮೆಚ್ಚುವುದು ಹೋಗಲಿ, ಗಮನಿಸುವುದೂ ಇಲ್ಲ.

ವರ್ತುಲ ಆರ್ಥಿಕತೆ ಎಂದು ಇತ್ತೀಚೆಗೆ ಎಲ್ಲೆಡೆ ಕೇಳಿಬರುತ್ತಿರುವ ಮಾತಿನ ಸಾರ ಇಷ್ಟೇ: ಗಣಿಯಿಂದ ತೆಗೆದು, ವಸ್ತು ಮಾಡಿ, ಬಳಸಿ, ಗುಂಡಿಗೆ ಸುರಿಯುವ ನೇರ ದಾರಿಯನ್ನು ಬಿಟ್ಟು, ಒಮ್ಮೆ ತೆಗೆದ ಲೋಹ, ಗಾಜು, ಪ್ಲಾಸ್ಟಿಕ್ಕು, ಮರಗಳನ್ನು ಸಾಧ್ಯವಾದಷ್ಟು ಕಾಲ ಬಳಕೆಯಲ್ಲೇ ಸುತ್ತಿಸುವುದು. ಅದರ ಬಗ್ಗೆ ಬರೆಯುವವರು ಹೆಚ್ಚಾಗಿ ಎರಡು ತುದಿಗಳ ಬಗ್ಗೆ ಬರೆಯುತ್ತಾರೆ. ಒಂದು ತುದಿಯಲ್ಲಿ ವಸ್ತುವಿನ ವಿನ್ಯಾಸ, ಇನ್ನೊಂದರಲ್ಲಿ ಮರುಬಳಕೆಯ ಕಾರ್ಖಾನೆ. ನಡುವಿನ ರಸ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ತುಲ ಪೂರ್ತಿಯಾಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ರಸ್ತೆಯಲ್ಲಿ, ಅದರಲ್ಲೂ ಬರುವ ದಾರಿಯಲ್ಲಿ ಎಂಬುದು ಈ ಅಧ್ಯಾಯದ ವಾದ. ಸಾಗಣೆ ಕಂಪನಿಗಳು ಇಲ್ಲಿ ಪಕ್ಕವಾದ್ಯದವರಲ್ಲ. ವರ್ತುಲದ ಅರ್ಧ ಭಾಗ ಇರುವುದೇ ಅವರ ಕೈಯಲ್ಲಿ.

ಇದಕ್ಕೆ ಕಾರಣ ಭೌತವಿಜ್ಞಾನದಲ್ಲಿದೆ. ರಾಗಿಗೆ ಸಾಸಿವೆ ಬೆರೆಸಲು ಒಂದು ಗಳಿಗೆ ಸಾಕು. ಆರಿಸಿ ಬೇರೆ ಮಾಡಲು ಮಧ್ಯಾಹ್ನವೆಲ್ಲ ಬೇಕು. ಬೆರೆಯುವುದು, ಚದುರುವುದು ವಸ್ತುಗಳ ಸಹಜ ಒಲವು. ಅದನ್ನು ತಿರುಗಿಸಿ ಒಟ್ಟು ಮಾಡಲು, ಬೇರ್ಪಡಿಸಲು ಹೊರಗಿನಿಂದ ಶಕ್ತಿ ಸುರಿಯಬೇಕು. ಎಂಟ್ರೊಪಿ ಎಂಬ ಹೆಸರಿನಲ್ಲಿ ವಿಜ್ಞಾನಿಗಳು ಅಳೆಯುವುದು ಈ ಚದುರುವಿಕೆಯನ್ನೇ. ರೊಮೇನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ನಿಕೊಲಸ್ ಜಾರ್ಜೆಸ್ಕು-ರೋಜೆನ್ ಎಂಬ ಅರ್ಥಶಾಸ್ತ್ರಜ್ಞ 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅರ್ಥಶಾಸ್ತ್ರವೂ ಈ ನಿಯಮದಿಂದ ಹೊರಗಿಲ್ಲ ಎಂದು ವಾದಿಸಿದ. ಕಾರ್ಖಾನೆಯಿಂದ ಹೊರಟ ಸರಕು ಲಕ್ಷಾಂತರ ಮನೆಗಳಿಗೆ ಚದುರುತ್ತದೆ. ಚದುರಿಸುವುದಕ್ಕೆ ಮಾರುಕಟ್ಟೆ ಕಾಸು ಕೊಡುತ್ತದೆ. ಮತ್ತೆ ಒಟ್ಟುಗೂಡಿಸುವುದಕ್ಕೆ ಯಾರು ಕೊಡಬೇಕು ಎಂಬಲ್ಲಿ ಎಲ್ಲರೂ ಮುಖ ನೋಡಿಕೊಳ್ಳುತ್ತಾರೆ.

ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. 2001ರಲ್ಲಿ ಬೀಗ ಬೀಳುವ ಹೊತ್ತಿಗೆ ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿಯದು. ಅಷ್ಟು ಆಳದಿಂದ ಮೇಲೆತ್ತಿದ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೆಯ ಮೊಬೈಲ್ ಫೋನುಗಳಲ್ಲಿ ನೂರಾರು ಗ್ರಾಂ ಚಿನ್ನವಿರುತ್ತದೆ. ಹಾಗಿದ್ದೂ ಜಗತ್ತು ಗಣಿ ಅಗೆಯುತ್ತಲೇ ಇದೆ, ಏಕೆಂದರೆ ಅದಿರು ಒಂದೇ ಜಾಗದಲ್ಲಿದೆ, ಫೋನುಗಳು ಕೋಟ್ಯಂತರ ಮನೆಗಳ ಬೀರುಗಳಲ್ಲಿ ಒಂದೊಂದಾಗಿ ಬಿದ್ದಿವೆ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಗುವ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಎಂದು ವಿಶ್ವಸಂಸ್ಥೆಯ ಸಂಸ್ಥೆಗಳು ಸೇರಿ ಹೊರತಂದ ವರದಿ ಹೇಳುತ್ತದೆ. ಚಿನ್ನ ಬೇರ್ಪಡಿಸುವ ರಸಾಯನವಿಜ್ಞಾನ ನಮಗೆ ಗೊತ್ತು. ಬೀರುವಿನಿಂದ ಮರುಬಳಕೆಯ ಕಾರ್ಖಾನೆಯ ಬಾಗಿಲಿನವರೆಗಿನ ದಾರಿ ಇನ್ನೂ ಆಗಿಲ್ಲ.

ಆ ದಾರಿಯನ್ನು ಹೊಸದಾಗಿ ಕಡಿಯಬೇಕಿಲ್ಲ. ಸರಕು ತಂದ ವಾಹನ ಹೇಗೂ ವಾಪಸ್ ಹೋಗಲೇಬೇಕು.

ಲಾರಿ ಸ್ಟ್ಯಾಂಡುಗಳಲ್ಲಿ, ಟ್ರಾನ್ಸ್‌ಪೋರ್ಟ್ ಆಫೀಸುಗಳ ಮುಂದೆ ಚಾಲಕರು ಕಾಯುತ್ತ ಕೂರುವುದು ರಿಟರ್ನ್ ಲೋಡಿಗಾಗಿ. ಊರಿಂದ ಸರಕು ಹೊತ್ತು ಬಂದವರಿಗೆ ಊರಿಗೆ ಮರಳುವಾಗಲೂ ಸರಕು ಸಿಕ್ಕರೆ ಆ ಟ್ರಿಪ್ಪು ಗಿಟ್ಟಿತು. ಸಿಗದಿದ್ದರೆ ಡೀಸೆಲ್ಲು, ಟೋಲು, ಭತ್ಯೆ ಎಲ್ಲ ಕೈಯಿಂದ. ಯುರೋಪಿನಂಥ ವ್ಯವಸ್ಥಿತ ಮಾರುಕಟ್ಟೆಯಲ್ಲೂ ಸರಕು ಲಾರಿಗಳು ಓಡುವ ದೂರದಲ್ಲಿ ಸುಮಾರು ಐದನೇ ಒಂದು ಭಾಗ ಖಾಲಿ ಓಟ. ಖಾಲಿ ಲಾರಿ ಕಡಿಮೆ ಇಂಧನ ಕುಡಿಯುತ್ತದೆ ನಿಜ, ಆದರೆ ನಾವು ಅಂದುಕೊಂಡಷ್ಟು ಕಡಿಮೆಯಲ್ಲ. ಓಡುವ ಲಾರಿ ಮುಖ್ಯವಾಗಿ ಎರಡು ತಡೆಗಳನ್ನು ಮೀರಬೇಕು. ಚಕ್ರ ಉರುಳುವಾಗಿನ ತಡೆ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ, ಇಳಿಯುತ್ತದೆ. ಗಾಳಿಯ ತಡೆಗೆ ಲಾರಿಯ ಒಳಗೆ ಏನಿದೆ ಎಂಬುದು ಮುಖ್ಯವೇ ಅಲ್ಲ, ಎದುರಿನ ಅಗಲ ಎತ್ತರ ಮತ್ತು ವೇಗ ಮುಖ್ಯ. ಜೊತೆಗೆ ಲಾರಿಯದೇ ಹಲವು ಟನ್ ತೂಕವಿದೆ. ಹಾಗಾಗಿ ಸಮತಟ್ಟಾದ ಹೆದ್ದಾರಿಯಲ್ಲಿ ಖಾಲಿ ಲಾರಿಯೂ ತುಂಬಿದ ಲಾರಿಯ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಸುಡುತ್ತದೆ. ಮರಳುವ ಲಾರಿಗೆ ಹೇರಿದ ಹಳೆಯ ಸರಕಿಗೆ ನಿಜವಾಗಿ ಖರ್ಚಾಗುವುದು ಆ ಎರಡರ ನಡುವಿನ ವ್ಯತ್ಯಾಸದಷ್ಟೇ ಇಂಧನ. ಅದೇ ಹಳೆಯ ಸರಕನ್ನು ತರಲೆಂದೇ ಪ್ರತ್ಯೇಕ ಲಾರಿ ಕಳಿಸಿದರೆ ಖಾಲಿ ಹೋಗುವ ಓಟದ ಲೆಕ್ಕವೂ ಅದರ ತಲೆಗೇ ಬೀಳುತ್ತದೆ.

ಮರಳುವ ದಾರಿಯ ಈ ಅಗ್ಗದ ಬಾಡಿಗೆ ಒಂದು ಕಾಲಕ್ಕೆ ಜಗತ್ತಿನ ರದ್ದಿಯ ನಕ್ಷೆಯನ್ನೇ ಬರೆಯಿತು. ಚೀನಾದಿಂದ ಅಮೆರಿಕಕ್ಕೆ ಆಟಿಕೆ, ಬಟ್ಟೆ, ಟಿ.ವಿ. ಹೊತ್ತು ಬಂದ ಹಡಗುಗಳಿಗೆ ಮರಳುವಾಗ ಹೊರಲು ಸರಕಿರಲಿಲ್ಲ. ಕಂಟೇನರುಗಳಂತೂ ವಾಪಸ್ ಹೋಗಲೇಬೇಕು, ಇಲ್ಲದಿದ್ದರೆ ಮುಂದಿನ ಸರಕು ತುಂಬುವುದು ಯಾವುದರಲ್ಲಿ? ಹೀಗಾಗಿ ಆ ದಿಕ್ಕಿನ ಬಾಡಿಗೆ ತೀರ ಕಡಿಮೆ. ಇದನ್ನು ಕಂಡುಕೊಂಡವರಲ್ಲಿ ಝಾಂಗ್ ಯಿನ್ ಎಂಬ ಮಹಿಳೆ ಮುಖ್ಯರು. 1990ರಲ್ಲಿ ಗಂಡನ ಜೊತೆ ಲಾಸ್ ಏಂಜಲೀಸ್‌ನಲ್ಲಿ ಕಂಪನಿ ಕಟ್ಟಿ, ಆರಂಭದ ದಿನಗಳಲ್ಲಿ ಒಂದು ಹಳೆಯ ವ್ಯಾನಿನಲ್ಲಿ ಕಸದ ಯಾರ್ಡುಗಳನ್ನು ಸುತ್ತಿ, ರದ್ದಿ ಕಾಗದ ಕೊಳ್ಳುವ ಒಪ್ಪಂದ ಮಾಡಿಕೊಂಡು, ಅದನ್ನು ಖಾಲಿ ಮರಳುವ ಕಂಟೇನರುಗಳಿಗೆ ತುಂಬಿ ಚೀನಾಕ್ಕೆ ಕಳಿಸಿದರು. 1995ರಲ್ಲಿ ದಕ್ಷಿಣ ಚೀನಾದ ದೊಂಗ್‌ಗುವಾನ್‌ನಲ್ಲಿ ನೈನ್ ಡ್ರ್ಯಾಗನ್ಸ್ ಎಂಬ ಕಾಗದ ಕಾರ್ಖಾನೆ ಶುರು ಮಾಡಿದರು. ಅಮೆರಿಕದ ರದ್ದಿ ಅಲ್ಲಿ ರಟ್ಟಿನ ಪೆಟ್ಟಿಗೆಯಾಗಿ, ಆ ಪೆಟ್ಟಿಗೆಯಲ್ಲಿ ಸರಕು ತುಂಬಿ ಮತ್ತೆ ಅಮೆರಿಕಕ್ಕೆ ಹೋಗುತ್ತಿತ್ತು. 2006ರಲ್ಲಿ ಶ್ರೀಮಂತರ ಹುರುನ್ ಪಟ್ಟಿಯ ಪ್ರಕಾರ ಅವರು ಚೀನಾದ ಅತಿ ಶ್ರೀಮಂತ ವ್ಯಕ್ತಿ. ಸಮುದ್ರದ ಆಚೆಯಿಂದ ರದ್ದಿ ತರಿಸಿ ಕಾಗದ ಮಾಡುವುದು ಲಾಭದ ಕೆಲಸವಾದದ್ದರಲ್ಲಿ ಖಾಲಿ ಕಂಟೇನರಿನ ಪಾಲು ದೊಡ್ಡದು.

ಆದರೆ ಈ ಕತೆಗೆ ಇನ್ನೊಂದು ಮುಖವಿದೆ. ಅದನ್ನು ಹೇಳದೆ ಖಾಲಿ ಕಂಟೇನರನ್ನು ಹೊಗಳಿದರೆ ಅರ್ಧ ಸತ್ಯವಾಗುತ್ತದೆ. ಅದೇ ಅಗ್ಗದ ಬಾಡಿಗೆಯಲ್ಲಿ ಪ್ಲಾಸ್ಟಿಕ್ ಕಸವೂ ಹೊರಟಿತು. 1992ರಿಂದ ಜಗತ್ತಿನಲ್ಲಿ ದೇಶದಿಂದ ದೇಶಕ್ಕೆ ಹೋದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಸುಮಾರು ಶೇ 45ರಷ್ಟನ್ನು ಚೀನಾ ಒಂದೇ ಆಮದು ಮಾಡಿಕೊಂಡಿತು. ಬಾಡಿಗೆ ಅಗ್ಗವಿದ್ದುದರಿಂದ ಬೇರ್ಪಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಎಣ್ಣೆ ಮೆತ್ತಿದ ಡಬ್ಬಿ, ಆಹಾರ ಅಂಟಿದ ಹಾಳೆ, ಹತ್ತು ಬಗೆಯ ಪ್ಲಾಸ್ಟಿಕ್ಕು ಎಲ್ಲವೂ ಒಂದೇ ಮೂಟೆಯಲ್ಲಿ ಹೋದವು. ಆರಿಸುವ ಕೆಲಸ ಅಲ್ಲಿನ ಹಳ್ಳಿಗಳ ಹೆಂಗಸರ, ಮಕ್ಕಳ ಕೈಗೆ ಬಿತ್ತು. ಉಳಿದದ್ದು ಅಲ್ಲಿನ ಹೊಳೆಗೆ, ಬೆಂಕಿಗೆ. 2018ರ ಜನವರಿಯಿಂದ ಚೀನಾ ಮನೆಬಳಕೆಯ ಪ್ಲಾಸ್ಟಿಕ್ ಕಸವನ್ನೂ ಬೇರ್ಪಡಿಸದ ಕಾಗದವನ್ನೂ ನಿಷೇಧಿಸಿತು. ಉಳಿದ ರದ್ದಿಯಲ್ಲೂ ಬೇರೆ ಕಸದ ಬೆರಕೆ ಶೇ 0.5ನ್ನು ಮೀರಬಾರದು ಎಂದಿತು. ಅಮೆರಿಕದ ಎಷ್ಟೋ ಊರುಗಳಲ್ಲಿ ರದ್ದಿ ರಾಶಿ ಬಿತ್ತು, ಕಸ ತುಂಬಿದ ಹಡಗುಗಳು ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್‌ಗಳ ಕಡೆಗೆ ತಿರುಗಿದವು. ಮರಳುವ ವಾಹನ ಇದ್ದರಷ್ಟೇ ಸಾಲದು, ಅದಕ್ಕೆ ಹೇರುವ ಸರಕು ಹೇರುವ ಮೊದಲೇ ಬೇರ್ಪಟ್ಟಿರಬೇಕು. ಬೆರಕೆ ಕಸವನ್ನು ದೂರ ಸಾಗಿಸುವುದು ಅದರ ಹೊರೆಯನ್ನು ಬಡವರ ಅಂಗಳಕ್ಕೆ ಇಳಿಸುವುದಷ್ಟೆ. ಅದನ್ನು ವರ್ತುಲ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಊರೊಳಗಿನ ಸಾಗಣೆಗೆ ಬಂದರೆ, ಒಂದೇ ಓಟದಲ್ಲಿ ಕೊಟ್ಟು ತರುವುದು ಹೇಳಿದಷ್ಟು ಸುಲಭವಲ್ಲ. ಇಲ್ಲಿ ಗಣಿತ ಬರುತ್ತದೆ, ಮತ್ತು ಅದು ಸೊಗಸಾದ ಗಣಿತ.

1959ರಲ್ಲಿ ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರಾಮ್ಸರ್ ಎಂಬ ಸಂಶೋಧಕರು ಪೆಟ್ರೋಲ್ ಟ್ಯಾಂಕರುಗಳ ಸಮಸ್ಯೆಯೊಂದನ್ನು ಎತ್ತಿಕೊಂಡರು: ಒಂದು ಡಿಪೊದಿಂದ ಹಲವು ಬಂಕುಗಳಿಗೆ ಪೆಟ್ರೋಲ್ ಹಂಚಲು ಯಾವ ಟ್ಯಾಂಕರ್ ಯಾವ ದಾರಿ ಹಿಡಿದರೆ ಒಟ್ಟು ಓಟ ಕಡಿಮೆಯಾಗುತ್ತದೆ? ವಾಹನಗಳ ದಾರಿ ಯೋಜಿಸುವ ಶಾಸ್ತ್ರ ಅಲ್ಲಿಂದ ಬೆಳೆಯಿತು. ಅಲ್ಲಿ ಒಂದು ಅನುಕೂಲವಿತ್ತು. ಟ್ಯಾಂಕರ್ ಹೊರಡುವಾಗ ತುಂಬಿರುತ್ತದೆ, ಮುಂದೆ ಹೋದಂತೆ ಹಗುರಾಗುತ್ತದೆ. ಹೊರಡುವಾಗ ಹಿಡಿಸಿದರೆ ಮುಂದೆಲ್ಲೂ ತೊಂದರೆಯಿಲ್ಲ. ಕೊಡುವುದರ ಜೊತೆಗೆ ತರುವುದೂ ಸೇರಿದರೆ ಈ ನೆಮ್ಮದಿ ಹೋಗುತ್ತದೆ. ವಾಹನದ ಹೊರೆ ಪ್ರತಿ ನಿಲುಗಡೆಯಲ್ಲೂ ಏರಬಹುದು, ಇಳಿಯಬಹುದು.

ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ಒಂದು ಟೆಂಪೊದಲ್ಲಿ 100 ಕ್ರೇಟ್ ಹಿಡಿಸುತ್ತದೆ. ಬೆಳಿಗ್ಗೆ 90 ತುಂಬಿದ ಕ್ರೇಟ್ ಸೋಡ ಬಾಟಲಿ ಹೇರಿಕೊಂಡು ಹೊರಟಿದೆ. ಬಸ್ ನಿಲ್ದಾಣದ ಅಂಗಡಿಯಲ್ಲಿ 20 ತುಂಬಿದ ಕ್ರೇಟ್ ಇಳಿಸಿ 40 ಖಾಲಿ ಕ್ರೇಟ್ ಹೇರಬೇಕು. ಪೇಟೆಯ ಅಂಗಡಿಯಲ್ಲಿ 70 ಇಳಿಸಿ 30 ಹೇರಬೇಕು. ಒಟ್ಟು ಕೊಡುವುದು 90, ತರುವುದು 70. ಎರಡೂ ನೂರರ ಒಳಗೇ ಇವೆ. ಈಗ ಬಸ್ ನಿಲ್ದಾಣಕ್ಕೆ ಮೊದಲು ಹೋಗಿ. 90ರಲ್ಲಿ 20 ಇಳಿಯಿತು, 40 ಏರಬೇಕು: 110. ಹಿಡಿಸುವುದಿಲ್ಲ. ಹತ್ತು ಖಾಲಿ ಕ್ರೇಟ್ ಅಂಗಡಿಯ ಮುಂದೆಯೇ ಉಳಿದವು. ಅದೇ ಟೆಂಪೊ ಪೇಟೆಗೆ ಮೊದಲು ಹೋಗಿದ್ದರೆ 90ರಲ್ಲಿ 70 ಇಳಿದು 30 ಏರಿ 50. ಅಲ್ಲಿಂದ ಬಸ್ ನಿಲ್ದಾಣದಲ್ಲಿ 20 ಇಳಿದು 40 ಏರಿ 70. ಅದೇ ರಸ್ತೆ, ಅದೇ ದೂರ, ಅದೇ ಟೆಂಪೊ. ಸುತ್ತುವ ದಿಕ್ಕು ಬದಲಾಯಿತು ಅಷ್ಟೆ.

ಅಂಗಡಿ ಎರಡಿದ್ದಾಗ ಇದು ಬೆರಳಲ್ಲಿ ಎಣಿಸುವ ಲೆಕ್ಕ. ಇಪ್ಪತ್ತೆರಡಿದ್ದರೆ ಸುತ್ತುವ ಕ್ರಮಗಳ ಸಂಖ್ಯೆ 1ರ ಮುಂದೆ 21 ಸೊನ್ನೆ ಹಾಕಿದರೆ ಬರುವ ಸಂಖ್ಯೆಗಿಂತ ದೊಡ್ಡದು. ಇಪ್ಪತ್ತೆರಡು ಎಂದದ್ದಕ್ಕೆ ಕಾರಣವಿದೆ. ಕೊಟ್ಟು ತರುವ ಈ ಸಮಸ್ಯೆಯನ್ನು 1989ರಲ್ಲಿ ಹೋಕಿ ಮಿನ್ ಎಂಬ ಸಂಶೋಧಕರು ಮೊದಲ ಬಾರಿಗೆ ಸ್ಪಷ್ಟವಾಗಿ ಬಿಡಿಸಿಟ್ಟದ್ದು ಅಮೆರಿಕದ ಒಹಾಯೊ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗಾಗಿ. 22 ಶಾಖೆಗಳು, ಎರಡು ವಾಹನ. ಪ್ರತಿ ಶಾಖೆಗೂ ಪುಸ್ತಕ ಇಳಿಸಬೇಕು, ಓದಿ ಮುಗಿದ ಪುಸ್ತಕ ಹೇರಬೇಕು. ಶಾಖೆಗಳನ್ನು ಗುಂಪು ಮಾಡಿ, ಗುಂಪಿಗೊಂದು ವಾಹನ ಗೊತ್ತು ಮಾಡಿ, ಆಮೇಲೆ ಪ್ರತಿ ಗುಂಪಿನೊಳಗೆ ಕ್ರಮ ಹುಡುಕುವುದು ಅವರ ಉಪಾಯ. ಇಂದು ಇದಕ್ಕೆ ಸಾಫ್ಟ್‌ವೇರುಗಳಿವೆ, ಗಣಕಗಳ ವೇಗವೂ ಬೆಳೆದಿದೆ. ಹಾಗಾಗಿ ವಾಪಸ್ ತರಲು ಕಷ್ಟ ಎಂದು ಕಂಪನಿಯೊಂದು ಹೇಳಿದರೆ, ಆ ಕಷ್ಟ ಲೆಕ್ಕದ್ದಲ್ಲ. ಅಂಗಡಿಯಲ್ಲಿ ಎಷ್ಟು ಖಾಲಿ ಕಾಯುತ್ತಿದೆ ಎಂಬ ಸುದ್ದಿ ಹಿಂದಿನ ಸಂಜೆಯೇ ಸಿಗದಿರುವುದು ನಿಜವಾದ ಕಷ್ಟ. ಗ್ಯಾಸ್ ಸಿಲಿಂಡರಿನಲ್ಲಿ ಆ ತೊಂದರೆಯೇ ಇಲ್ಲ: ಎಷ್ಟು ಇಳಿಯಿತೋ ಅಷ್ಟೇ ಏರುತ್ತದೆ. ನಮ್ಮ ಊರುಗಳಲ್ಲಿ ಬೆಳಗಿನ ಜಾವ ನಂದಿನಿ ಹಾಲು ಇಳಿಸುವ ವ್ಯಾನು ಹಿಂದಿನ ದಿನದ ಖಾಲಿ ಕ್ರೇಟುಗಳನ್ನು ಹೇರಿಕೊಂಡು ಹೋಗುವುದೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ.

ಪ್ಯಾಕಿಂಗಿನ ವಿಷಯಕ್ಕೆ ಬಂದರೆ, ಸಾಗಣೆ ಕಂಪನಿಗಳೇ ವರ್ತುಲ ನಡೆಸುವ ಉದಾಹರಣೆ ಪ್ಯಾಲೆಟ್, ಅಂದರೆ ಸರಕು ಪೇರಿಸುವ ಮರದ ಮಣೆ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಆಸ್ಟ್ರೇಲಿಯದ ಬಂದರುಗಳಲ್ಲಿ ಫೋರ್ಕ್‌ಲಿಫ್ಟ್, ಪ್ಯಾಲೆಟ್ ಮುಂತಾದ ಸರಂಜಾಮು ಬಿಟ್ಟುಹೋಯಿತು. ಆಸ್ಟ್ರೇಲಿಯ ಸರ್ಕಾರ ಅವನ್ನು ಒಟ್ಟುಗೂಡಿಸಿ, ಬೇಕಾದವರಿಗೆ ಬಾಡಿಗೆಗೆ ಕೊಡುವ ವ್ಯವಸ್ಥೆ ಮಾಡಿತು. 1958ರಲ್ಲಿ ಬ್ರ್ಯಾಂಬಲ್ಸ್ ಎಂಬ ಕಂಪನಿ ಅದನ್ನು ಕೊಂಡಿತು. ಚೆಪ್ ಎಂಬ ಹೆಸರಿನಲ್ಲಿ ಇಂದು ಜಗತ್ತಿನ ಗೋದಾಮುಗಳಲ್ಲಿ ಕಾಣುವ ನೀಲಿ ಬಣ್ಣದ ಪ್ಯಾಲೆಟ್ಟುಗಳು ಅದರವು. ಪ್ಯಾಲೆಟ್ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಹಲಗೆ ಮುರಿದರೆ ಆ ಹಲಗೆ ಮಾತ್ರ ಬದಲಾಯಿಸುತ್ತಾರೆ. ಮುಖ್ಯ ಅಂಶ ಏನೆಂದರೆ, ಸರಕು ಇಳಿದ ಊರಿನಿಂದ ಖಾಲಿ ಪ್ಯಾಲೆಟ್ ಹೊರಟ ಊರಿಗೇ ಮರಳಬೇಕಿಲ್ಲ. ಹತ್ತಿರದ ಡಿಪೊಗೆ ಹೋಗಿ, ರಿಪೇರಿಯಾಗಿ, ಅಲ್ಲಿಯೇ ಪಕ್ಕದ ಇನ್ನೊಂದು ಕಾರ್ಖಾನೆಯ ಸರಕಿಗೆ ಒದಗುತ್ತದೆ. ಎಲ್ಲರ ಪ್ಯಾಲೆಟ್ಟೂ ಒಂದೇ ಆದಾಗ ಮರಳುವ ದಾರಿ ತಾನಾಗಿ ಚಿಕ್ಕದಾಗುತ್ತದೆ. ಯುರೋಪಿನಲ್ಲಿ ರೈಲ್ವೆಗಳು 1961ರಲ್ಲಿ 800 ಮಿಲಿಮೀಟರ್ ಅಗಲ, 1200 ಮಿಲಿಮೀಟರ್ ಉದ್ದ ಎಂದು ಪ್ಯಾಲೆಟ್ಟಿನ ಅಳತೆ ಗೊತ್ತು ಮಾಡಿದ್ದೂ ಈ ಕಾರಣಕ್ಕೇ.

ಜರ್ಮನಿಯ ಖನಿಜಜಲದ ಕಂಪನಿಗಳು 1969ರಲ್ಲಿ ಇದನ್ನೇ ಗಾಜಿನ ಬಾಟಲಿಗೆ ಮಾಡಿದವು. ಗ್ಯೂಂಟರ್ ಕುಪೆಟ್ಸ್ ಎಂಬ ವಿನ್ಯಾಸಕಾರ ರೂಪಿಸಿದ, ಕತ್ತಿನ ಸುತ್ತ ನೀರಗುಳ್ಳೆಗಳಂಥ ಗಾಜಿನ ಮಣಿಗಳಿರುವ, ನಡು ಸಣ್ಣಗಿರುವ 0.7 ಲೀಟರಿನ ಬಾಟಲಿ. ಯಾವ ಊರಿನ ನೀರಿನ ಘಟಕವಾದರೂ ಯಾವ ಊರಿನ ಖಾಲಿ ಬಾಟಲಿಯನ್ನಾದರೂ ತೊಳೆದು ತುಂಬಬಹುದು. ಒಂದೊಂದು ಬಾಟಲಿ ಐವತ್ತರವರೆಗೂ ಸುತ್ತು ತಿರುಗುತ್ತದೆ. ಹಳೆಯ ಬಾಟಲಿಯನ್ನು ಕೈಗೆತ್ತಿಕೊಂಡರೆ ಅದರ ವಯಸ್ಸು ಕಣ್ಣಿಗೇ ಕಾಣುತ್ತದೆ: ಪಕ್ಕದ ಬಾಟಲಿಗಳಿಗೆ ಉಜ್ಜಿ ಉಜ್ಜಿ ಮೈಯ ಉಬ್ಬುಗಳ ಮೇಲೆ ಮಂಜಿನಂಥ ಬಿಳಿಯ ಪಟ್ಟಿ ಮೂಡಿರುತ್ತದೆ.

ಆದರೆ ಗಾಜು ಭಾರ. ನೂರಾರು ಕಿಲೊಮೀಟರ್ ದೂರದ ಘಟಕಕ್ಕೆ ಖಾಲಿ ಗಾಜು ಹೊತ್ತೊಯ್ಯುವುದಾದರೆ ತೊಳೆದು ಬಳಸಿ ಉಳಿಸಿದ ಶಕ್ತಿಯಲ್ಲಿ ದೊಡ್ಡ ಪಾಲು ರಸ್ತೆಯಲ್ಲೇ ಸುಟ್ಟುಹೋಗುತ್ತದೆ. ಹಗುರವಾದ, ಒಂದರೊಳಗೊಂದು ಕೂರುವ, ಮಡಚಬಲ್ಲ ಪೆಟ್ಟಿಗೆಗಳು ದೂರದ ದಾರಿಗೆ. ಗಾಜು, ಉಕ್ಕು ಹತ್ತಿರದ ದಾರಿಗೆ ಎಂದು ನಾನು ಹೇಳುತ್ತೇನೆ. ದೂರ ಹೆಚ್ಚಿದಷ್ಟೂ ಮರುಬಳಕೆ ಎಂಬ ಹೆಸರಿಗಿಂತ ಲೆಕ್ಕದ ಪುಸ್ತಕವನ್ನು ನಂಬಬೇಕು.

ನಮ್ಮ ಗಡಿಯಾಚೆ ನೀಲಗಿರಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಕಾಡಿನಲ್ಲಿ ಬಿಸಾಡಿದ ಮದ್ಯದ ಬಾಟಲಿಗಳ ಚೂರು ಆನೆ ಮತ್ತಿತರ ಪ್ರಾಣಿಗಳ ಕಾಲು ಸೀಳುತ್ತಿದ್ದ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಕೋರ್ಟಿನ ನಿರ್ದೇಶನದಂತೆ 2022ರ ಮೇ ತಿಂಗಳಿಂದ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಆ ಹಣ ಮರಳಿಸತೊಡಗಿದವು. ಬಾಟಲಿಗಳು ಬಂದವು, ಬಹುಪಾಲು ಬಂದವು. ಮುಂದೆ ಯೋಜನೆ ಬೇರೆ ಜಿಲ್ಲೆಗಳಿಗೆ ಹಬ್ಬಿದಾಗ ಅಂಗಡಿ ನೌಕರರು ಎತ್ತಿದ ತಕರಾರು ಜಾಗದ್ದು ಮತ್ತು ಕೆಲಸದ ಹೊರೆಯದು: ಬಂದ ಬಾಟಲಿಗಳನ್ನು ಎಲ್ಲಿಡುವುದು, ಯಾರು ಎಣಿಸುವುದು? ಹತ್ತು ರೂಪಾಯಿ ಗಿರಾಕಿಯನ್ನು ಅಂಗಡಿಯವರೆಗೆ ನಡೆಸುತ್ತದೆ. ಅಲ್ಲಿಂದ ಮುಂದಿನ ದಾರಿಯನ್ನು ಯಾರಾದರೂ ಸಾಗಣೆಯವರು ವಹಿಸಿಕೊಳ್ಳಲೇಬೇಕು.

ಬಾಟಲಿ, ಕ್ರೇಟುಗಳಿಗೆ ಹೋಲಿಸಿದರೆ ಬಳಸಿದ ಯಂತ್ರಗಳ ಪಾಡು ಬೇರೆ. ಹೋಗುವ ದಾರಿಯಲ್ಲಿ ನೂರು ಪೆಟ್ಟಿಗೆಯೂ ಒಂದೇ. ಬರುವ ದಾರಿಯಲ್ಲಿ ನೂರೂ ನೂರು ಬಗೆ. ಒಂದರಲ್ಲಿ ಚಾರ್ಜರ್ ಕೆಟ್ಟಿದೆ, ಇನ್ನೊಂದು ಬಿಚ್ಚೇ ಇಲ್ಲ, ಮತ್ತೊಂದು ನೀರಲ್ಲಿ ಬಿದ್ದಿದೆ. ಎಲ್ಲವನ್ನೂ ಒಂದೇ ಲಾರಿಯಲ್ಲಿ ದೂರದ ಗೋದಾಮಿಗೆ ಒಯ್ದು ತಿಂಗಳ ನಂತರ ತೆರೆದು ನೋಡುವ ಹೊತ್ತಿಗೆ ರಿಪೇರಿಯಾಗಬಲ್ಲ ಫೋನಿನ ಬೆಲೆಯೂ ಇಳಿದಿರುತ್ತದೆ. ಬಾಗಿಲಲ್ಲೇ ನೋಡಿ, ಇದು ಮಾರಲು, ಇದು ರಿಪೇರಿಗೆ, ಇದು ಬಿಡಿಭಾಗಕ್ಕೆ, ಇದು ಕರಗಿಸಲು ಎಂದು ವಿಂಗಡಿಸಿಬಿಟ್ಟರೆ ಅನಗತ್ಯ ಓಟವೇ ತಪ್ಪುತ್ತದೆ. ಸಾಗಣೆ ಕಂಪನಿಯ ಜಿಲ್ಲಾ ಗೋದಾಮಿನಲ್ಲಿ ಒಂದು ಮೇಜು, ಒಂದು ಮಲ್ಟಿಮೀಟರ್, ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ ಇದ್ದರೆ ಆಗುವ ಕೆಲಸವಿದು.

ವಿದ್ಯುತ್ ವಾಹನಗಳ ಲಿಥಿಯಂ ಬ್ಯಾಟರಿಯಲ್ಲಿ ಇದು ಇನ್ನೂ ತುರ್ತಿನ ವಿಷಯ. ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳಲ್ಲಿ ಈ ಬ್ಯಾಟರಿ ಅಪಾಯಕಾರಿ ಸರಕು, ಒಂಬತ್ತನೇ ವರ್ಗ. ಉಬ್ಬಿದ, ಜಜ್ಜಿದ ಬ್ಯಾಟರಿಗೆ ವಿಶೇಷ ಪೆಟ್ಟಿಗೆ ಬೇಕು, ಏಕೆಂದರೆ ಒಂದು ಕೋಶ ಬಿಸಿಯೇರಿದರೆ ಪಕ್ಕದ್ದನ್ನೂ ಹೊತ್ತಿಸುತ್ತದೆ. ಬ್ಯಾಟರಿ ಮರುಬಳಕೆಯ ಒಟ್ಟು ವೆಚ್ಚದಲ್ಲಿ ಸಾಗಣೆಯ ಪಾಲು ಸರಾಸರಿ ಶೇ 40ರ ಆಸುಪಾಸು ಎಂದು 2021ರ ಒಂದು ಅಧ್ಯಯನ ವಿಮರ್ಶೆ ಲೆಕ್ಕ ಹಾಕಿತು. ಕರಗಿಸುವ ಕುಲುಮೆಯ ಖರ್ಚನ್ನು ಇಳಿಸಲು ಸಂಶೋಧನೆ ನಡೆಯುತ್ತಿದೆ, ಸರಿ; ಲಾರಿಯ ಖರ್ಚು ಇಳಿಸಲು ಅಷ್ಟೇ ಆಸ್ಥೆ ಬೇಕು. ಹತ್ತಿರದಲ್ಲೇ ಪರೀಕ್ಷೆ ಮಾಡಿದರೆ ಎಷ್ಟೋ ಬ್ಯಾಟರಿಗಳಿಗೆ ದೂರದ ಪ್ರಯಾಣವೇ ಬೇಡ. ಕಾರಿಗೆ ಸಾಲದಷ್ಟು ಸೊರಗಿದ ಬ್ಯಾಟರಿಯಲ್ಲೂ ಬೇರೆ ಕೆಲಸಕ್ಕೆ ಸಾಕಷ್ಟು ಕಸುವಿರುತ್ತದೆ. ಬೆಂಗಳೂರಿನಲ್ಲೂ ಬರ್ಲಿನ್‌ನಲ್ಲೂ ನೆಲೆಯಿರುವ ನುನಮ್ ಎಂಬ ಸಂಸ್ಥೆ 2022ರಲ್ಲಿ ಆಡಿ ಕಾರುಗಳ ಪರೀಕ್ಷಾ ವಾಹನಗಳಿಂದ ತೆಗೆದ ಬ್ಯಾಟರಿಗಳನ್ನು ಇ-ರಿಕ್ಷಾಗಳಿಗೆ ಅಳವಡಿಸಿ ತೋರಿಸಿತು.

ಇಷ್ಟೆಲ್ಲ ಹೇಳುವಾಗ ನಮ್ಮಲ್ಲಿ ಬರುವ ದಾರಿ ಖಾಲಿ ಬಿದ್ದಿದೆ ಎಂದುಕೊಂಡರೆ ಅದು ಅನ್ಯಾಯ. ತಲೆಮಾರುಗಳಿಂದ ಆ ದಾರಿಯಲ್ಲಿ ನಡೆಯುತ್ತಿರುವವರು ಗುಜರಿಯವರು. ತಳ್ಳುಗಾಡಿಯಲ್ಲಿ ಬಂದು ಪೇಪರು, ಕಬ್ಬಿಣ, ಬಾಟಲಿ ತೂಗಿ ಕೊಳ್ಳುವವರು, ಬೀದಿಯಲ್ಲಿ ಚಿಂದಿ ಆಯುವವರು, ಅವರಿಂದ ಕೊಂಡು ವಿಂಗಡಿಸುವ ಬೆಂಗಳೂರಿನ ಜಾಲಿ ಮೊಹಲ್ಲಾದ, ನಾಯಂಡಹಳ್ಳಿಯ ಅಂಗಡಿಗಳವರು. ಯಾವುದು ಯಾವ ಪ್ಲಾಸ್ಟಿಕ್ಕು ಎಂದು ಬೆರಳಲ್ಲಿ ಬಗ್ಗಿಸಿ, ಸದ್ದು ಕೇಳಿ ಹೇಳಬಲ್ಲ ಪರಿಣತಿ ಅವರದು. ಮೇಲೆ ಹೇಳಿದ ಎಂಟ್ರೊಪಿಯ ವಿರುದ್ಧ ದಿನವೂ ಕೈಯಾರೆ ದುಡಿಯುವವರು ಅವರು. ಬೆಂಗಳೂರಿನಲ್ಲಿ ಹಸಿರು ದಳ ಎಂಬ ಸಂಘಟನೆ ಚಿಂದಿ ಆಯುವವರನ್ನು ಒಗ್ಗೂಡಿಸಿ, ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳನ್ನು ಅವರೇ ನಡೆಸುವ ಹಾದಿ ತೆರೆಯಿತು. ದೊಡ್ಡ ಸಾಗಣೆ ಕಂಪನಿಗಳು ಈ ಕ್ಷೇತ್ರಕ್ಕೆ ಬರುವುದಾದರೆ ಇವರನ್ನು ಪಕ್ಕಕ್ಕೆ ತಳ್ಳಿ ಬರಬಾರದು. ಓಣಿಯಿಂದ ಕೇಂದ್ರದವರೆಗಿನ ದಾರಿ ಅವರಿಗೆ ಗೊತ್ತು, ಕೇಂದ್ರದಿಂದ ಕಾರ್ಖಾನೆವರೆಗಿನ ದಾರಿಗೆ ಲಾರಿ ಬೇಕು. ಈ ಎರಡು ಸೇರುವಲ್ಲಿ ತೂಕದ ಸರಿಯಾದ ಚೀಟಿ, ಸಕಾಲಕ್ಕೆ ಹಣ, ಕೈಗವಸು, ಆರೋಗ್ಯದ ವಿಮೆ ಇವು ಕಂಪನಿಯ ಹೊಣೆಯಾಗಬೇಕು.

ಕಾನೂನು ಇಲ್ಲಿ ಅರ್ಧ ದಾರಿ ಬಂದು ನಿಂತಿದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಉಪಕರಣ ಮಾರುವ ಕಂಪನಿ ಇಂತಿಷ್ಟು ಮರುಬಳಕೆ ಮಾಡಿಸಿದ್ದೇನೆಂದು ಪ್ರಮಾಣಪತ್ರ ತೋರಿಸಬೇಕು. ನೋಂದಾಯಿತ ಮರುಬಳಕೆ ಘಟಕಗಳಿಂದ ಆ ಪ್ರಮಾಣಪತ್ರ ಕೊಳ್ಳಬಹುದು. ನೋಂದಣಿ ಮಾಡಿಸಬೇಕಾದವರು ನಾಲ್ಕು ಬಗೆ: ತಯಾರಿಸುವವರು, ಮಾರುಕಟ್ಟೆಗೆ ತರುವವರು, ರಿಪೇರಿ ಮಾಡಿ ಹೊಸದಾಗಿಸುವವರು, ಮರುಬಳಕೆ ಮಾಡುವವರು. ಸಂಗ್ರಹಿಸಿ ತರುವವರು ಆ ಪಟ್ಟಿಯಲ್ಲಿಲ್ಲ. ಮನೆಯಿಂದ ಘಟಕದವರೆಗೆ ವಸ್ತು ಯಾರ ಕೈದಾಟಿ, ಯಾವ ಸ್ಥಿತಿಯಲ್ಲಿ ಬಂತು ಎಂಬುದಕ್ಕೆ ಹೊಣೆಗಾರರೇ ಇಲ್ಲದಂತಾಯಿತು. ಇದು ತಿದ್ದಲೇಬೇಕಾದ ಲೋಪ ಎಂಬುದು ನನ್ನ ನಿಲುವು.

ಅದರ ಪರಿಣಾಮ ನೋಡಬೇಕಾದರೆ ಒಂದು ಹಳೆಯ ಫ್ರಿಜ್ಜಿನ ಹಿಂದೆ ಹೋದರೆ ಸಾಕು. ಎಕ್ಸ್‌ಚೇಂಜ್ ಆಫರಿನಲ್ಲಿ ಹೊಸ ಫ್ರಿಜ್ ತಂದಿಳಿಸಿದ ಟೆಂಪೊ ಹಳೆಯದನ್ನು ಹೇರಿಕೊಂಡು ಹೋಗುತ್ತದೆ. ಅಲ್ಲಿಯವರೆಗೆ ಚೆನ್ನ. ಆ ಫ್ರಿಜ್ಜಿನ ಹಿಂಭಾಗದಲ್ಲಿ, ಕೆಳಗೆ, ಕಪ್ಪು ಗುಂಡಿನಂಥ ಕಂಪ್ರೆಸರ್ ಇದೆ. ಅದರೊಳಗಿನ ತಾಮ್ರದ ಸುರುಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ತಾಮ್ರಕ್ಕಾಗಿ ಕೊಳವೆಯನ್ನು ಗರಗಸದಲ್ಲಿ ಕೊಯ್ದರೆ ಒಳಗಿನ ತಂಪುಕಾರಿ ಅನಿಲ ಒಂದು ನಿಮಿಷದಲ್ಲಿ ಗಾಳಿಗೆ ಸೇರುತ್ತದೆ. ಹಲವು ಹಳೆಯ ಫ್ರಿಜ್ಜುಗಳಲ್ಲಿರುವ ಆರ್-134ಎ ಎಂಬ ಅನಿಲ ಭೂಮಿಯನ್ನು ಕಾಯಿಸುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿ, ಕಟ್ಟಿ, ಕೊಳವೆ ಮುರಿಯದಂತೆ ತಂದು, ಅನಿಲ ಹೀರಿ ತೆಗೆಯುವ ಯಂತ್ರವಿರುವ ಜಾಗಕ್ಕೆ ತಲುಪಿಸಿದರೆ ಮಾತ್ರ ಆ ಎಕ್ಸ್‌ಚೇಂಜಿನಿಂದ ಭೂಮಿಗೆ ಒಳಿತು.

ಮೂರನೇ ಮಹಡಿಯಿಂದ ಹಳೆಯ ಫ್ರಿಜ್ ಇಳಿಸಲು ಇಬ್ಬರು ಹಮಾಲರು ಬೇಕು. ನೆಟ್ಟಗೆ ನಿಲ್ಲಿಸಿದರೆ ಟೆಂಪೊದಲ್ಲಿ ಜಾಗ ಹೆಚ್ಚು ಹಿಡಿಯುತ್ತದೆ. ಘಟಕ ಊರಾಚೆ ಇದ್ದರೆ ಒಂದು ತಾಸು ಹೆಚ್ಚು ಓಟ. ಟೆಂಪೊಗೆ ಗೊತ್ತಾದ ಬಾಡಿಗೆ ಹೊಸ ಫ್ರಿಜ್ಜು ಇಳಿಸಿದ್ದಕ್ಕಷ್ಟೇ ಆಗಿದ್ದರೆ, ದಾರಿಯಲ್ಲಿ ಮೊದಲು ಸಿಕ್ಕ ಗುಜರಿಗೆ ಹಳೆಯದನ್ನು ಹಾಕಿ ನಾಲ್ಕು ಕಾಸು ಪಡೆಯುವುದು ಚಾಲಕನಿಗೆ ಸಹಜ. ಸಾಗಣೆಯ ಕರಾರಿನಲ್ಲಿಯೇ ಮರಳುವ ಹೊರೆಗೆ ಪ್ರತ್ಯೇಕ ದರ, ಇಳಿಸುವ ಹಮಾಲಿ, ಹೆಚ್ಚಿನ ತಾಸಿನ ಭತ್ಯೆ ಇವನ್ನು ಬರೆದು, ಕಂಪ್ರೆಸರ್ ಸಮೇತ ಘಟಕ ತಲುಪಿದ ಪ್ರತಿ ಫ್ರಿಜ್ಜಿಗೂ ರಸೀದಿ ನೋಡಿ ಹಣ ಕೊಡುವ ಪದ್ಧತಿ ಬಂದರೆ ಅದೇ ಚಾಲಕ ಅದನ್ನು ಜೋಪಾನವಾಗಿ ಕಟ್ಟಿಕೊಂಡು ಹೋಗುತ್ತಾನೆ. ಹೊಸ ಫ್ರಿಜ್ಜಿನ ಬೆಲೆಯ ಮುಂದೆ ಆ ಮೊತ್ತ ಚಿಕ್ಕದು. ಅದನ್ನು ಮಾರುವ ಕಂಪನಿ ಕೊಡಬೇಕು, ಮತ್ತು ಕೊಟ್ಟದ್ದು ಟೆಂಪೊದವನ ಕೈಗೆ ತಲುಪಿದ ಲೆಕ್ಕವನ್ನು ಸಾಗಣೆ ಕಂಪನಿ ತೋರಿಸಬೇಕು.